ಮೆಟ್ನರ್ ಮೂರನೇ ಪಿಯಾನೋ ಕಾನ್ಸರ್ಟೊ: ಯಾವ ರೆಕಾರ್ಡಿಂಗ್ ಕೇಳೋದು?

ಕಾನ್ಸರ್ಟೊ ಅಂದರೆ ಪಿಯಾನೋ ಮತ್ತು ಆರ್ಕೆಸ್ಟ್ರಾ ಸೇರಿ ನುಡಿಸುವ ಕೃತಿ. ಇದನ್ನು ಬರೆದ ರಷ್ಯನ್ ಸಂಗೀತ ರಚನೆಕಾರ ಮೆಟ್ನರ್ ತಾವೇ ನುಡಿಸಿದ್ದು ಬೇಕಾ, ಪಿಯಾನೋ ವಾದಕ ಡೆಮಿಡೆಂಕೊ ನುಡಿಸಿದ್ದು ಬೇಕಾ? ಮೊದಲನೆಯದು 1947ರ ಎಚ್‌ಎಂವಿ ರೆಕಾರ್ಡಿಂಗ್, ದುಡ್ಡು ಕೊಟ್ಟವರು ನಮ್ಮ ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್, ಈ ಕಾನ್ಸರ್ಟೊ ಅರ್ಪಣೆಯಾಗಿರುವುದೂ ಅವರಿಗೇ. ಹಳೇ ಪ್ಲೇಟಿನ ಸರಸರ ಸದ್ದು ಇದ್ದೇ ಇದೆ. ಆರ್ಕೆಸ್ಟ್ರಾ ಪರದೆಯ ಹಿಂದೆ ಕೂತ ಹಾಗೆ ಕೇಳಿಸುತ್ತದೆ. ಆದರೆ ಅರವತ್ತು ದಾಟಿದ ಈ ಮನುಷ್ಯ ಭಾವುಕತೆ ಜಾಸ್ತಿ ಮಾಡುವುದಿಲ್ಲ, ಸುಮ್ನೆ ಎಳೆಯುವುದೂ ಇಲ್ಲ, ಎಡಗೈಯ ಲಯವಂತೂ ಗಟ್ಟಿ.

ಡೆಮಿಡೆಂಕೊ ಹೈಪೀರಿಯನ್ ರೆಕಾರ್ಡ್ ಕಂಪನಿಗೆ ನುಡಿಸಿದ್ದರಲ್ಲಿ ಬಿಬಿಸಿ ಸ್ಕಾಟಿಷ್ ಆರ್ಕೆಸ್ಟ್ರಾ ಇದೆ, ಒಂದೊಂದು ವಾದ್ಯವೂ ಬೇರೆಬೇರೆಯಾಗಿ ಕೇಳಿಸುತ್ತದೆ, ಜೊತೆಗೆ ಎರಡನೇ ಕಾನ್ಸರ್ಟೊ ಕೂಡ ಅದೇ ಸಿಡಿಯಲ್ಲಿ. ಅಬ್ಬರ ಸ್ವಲ್ಪ ಜಾಸ್ತಿಯೇ, ಅದೇನು ತಪ್ಪಲ್ಲ ಬಿಡಿ.

ಹೊಸಬರು ಡೆಮಿಡೆಂಕೊ ತಗೊಳ್ಳಿ. ಕಿವಿ ಪಳಗಿದ್ದರೆ ಮೆಟ್ನರ್ ಅವರದೇ. ಮೆಟ್ನರ್ ಅವರ ಸೊನಾಟಾಗಳಿಗೆ (ಪಿಯಾನೋ ಒಂದರಲ್ಲೇ ನುಡಿಸುವ ಕೃತಿಗಳು) ಮಾತ್ರ ಪಿಯಾನೋ ವಾದಕ ಹ್ಯಾಮಲಿನ್ ಅವರ 4 ಸಿಡಿ ಸೆಟ್.