ನೀರಿನ ಲೆಕ್ಕ ಚೆನ್ನಾಗಿ ಕಲಿಸಿದರು, ಕಾಯುವ ದಿನಗಳನ್ನು ಮರೆತರು: ಮುಂಬೈಯ ಒಂದು ಯಾನ ಯೋಜನೆ ತರಗತಿ

ದಕ್ಷಿಣ ಮುಂಬೈಯಲ್ಲಿ ಹಾಯಿದೋಣಿ ನಡೆಸುವುದನ್ನು ಕಲಿಸುವ ಸಂಸ್ಥೆಯೊಂದು ಈ ಮಳೆಗಾಲದಲ್ಲಿ, ದೋಣಿಗಳನ್ನು ದಡಕ್ಕೆ ಎಳೆದಿಟ್ಟಿದ್ದ ಅವಧಿಯಲ್ಲಿ, ಯಾನ ಯೋಜನೆಯ ತರಗತಿಯನ್ನು ನಾಲ್ಕು ಭಾನುವಾರ ನಡೆಸಿತು. ಶುಲ್ಕ 14,000 ರೂಪಾಯಿ. ಅಭ್ಯಾಸಕ್ಕೆ ಆರಿಸಿಕೊಂಡದ್ದು ಫ್ರಾನ್ಸ್‌ನ ಕರಾವಳಿ: ಉತ್ತರದ ಷೆರ್ಬೂರ್‌ನಿಂದ ಹೊರಟು, ಬ್ರಿಟನಿಯ ಪಶ್ಚಿಮ ತುದಿಯನ್ನು ಸುತ್ತಿ, ಬಂದರಿನಿಂದ ಬಂದರಿಗೆ ತಂಗುತ್ತ ಅಟ್ಲಾಂಟಿಕ್ ದಡದ ಲೆ ಸಾಬ್ಲ್ ದೊಲೋನ್ ತಲುಪುವುದು. ನಮ್ಮ ಅಭಿಲಾಷ್ ಟಾಮಿಯವರು 2023ರ ಏಪ್ರಿಲ್‌ನಲ್ಲಿ, ಒಬ್ಬಂಟಿಯಾಗಿ ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತುವ ಗೋಲ್ಡನ್ ಗ್ಲೋಬ್ ಸ್ಪರ್ಧೆಯನ್ನು ಎರಡನೆಯವರಾಗಿ ಮುಗಿಸಿ ದಡ ಸೇರಿದ ಊರು ಅದು. ಅಭ್ಯಾಸದ ಅದೇ ದಾರಿಯಲ್ಲಿ ಬಾಡಿಗೆಯ ದೋಣಿಯೊಂದರಲ್ಲಿ ಹೋಗಬೇಕೆಂಬ ಆಸೆ ನನಗೂ ನನ್ನ ಭಾವನಿಗೂ ಬಹುದಿನಗಳಿಂದ ಇರುವುದರಿಂದ ನಾನು ಈ ತರಗತಿಗೆ ಸೇರಿದೆ.

ಮೊದಲ ಎರಡು ಭಾನುವಾರಗಳು ಪೂರ್ತಿಯಾಗಿ ಉಬ್ಬರ-ಇಳಿತಕ್ಕೆ ಮೀಸಲಾಗಿದ್ದವು, ಮತ್ತು ಕೊಟ್ಟ ಹಣ ಅಷ್ಟರಲ್ಲೇ ಸಾರ್ಥಕವಾಯಿತು ಎಂದು ನನಗನಿಸಿತು. ಗಂಗೊಳ್ಳಿಯ ಅಳಿವೆಯಲ್ಲಿ ಬೆಳೆದ ನನಗೆ ನೀರು ಏರುವುದೂ ಇಳಿಯುವುದೂ ಹೊಸದಲ್ಲ; ಆದರೆ ಅಲ್ಲಿ ಏರಿಳಿತ ಆಳೆತ್ತರವನ್ನು ಮುಟ್ಟುವುದೇ ಅಪರೂಪ. ಮುಂಬೈಯ ಅಪೋಲೊ ಬಂದರಿನಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಅದು 4ರಿಂದ 5 ಮೀಟರ್‌ವರೆಗೆ ಹೋಗುತ್ತದೆ. ಬ್ರಿಟನಿಯ ಸಾಂ ಮಾಲೋದಲ್ಲಿ, ಅತಿ ದೊಡ್ಡ ಉಬ್ಬರದ ದಿನ, 12 ಮೀಟರ್ ದಾಟುತ್ತದೆ. ಅಲ್ಲಿಯ ರಾನ್ಸ್ ನದಿಯ ಅಳಿವೆಯಲ್ಲಿ 1966ರಿಂದ ಉಬ್ಬರದ ನೀರಿನಿಂದಲೇ ವಿದ್ಯುತ್ ತಯಾರಾಗುತ್ತಿದೆ. ಶಿಕ್ಷಕರು ಹನ್ನೆರಡರ ಲೆಕ್ಕವನ್ನು ಇದೇ ಊರನ್ನು ಹಿಡಿದು ವಿವರಿಸಿದರು: ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ, ಏರುವ ಆರು ಗಂಟೆಗಳಲ್ಲಿ ನೀರು ಮೊದಲ ಗಂಟೆ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರನೆಯ ಮತ್ತು ನಾಲ್ಕನೆಯದರಲ್ಲಿ ಮೂರು ಮೂರು, ಮತ್ತೆ ಎರಡು, ಕೊನೆಗೆ ಒಂದು. ಒಟ್ಟು ಏರಿಕೆ 12 ಮೀಟರ್ ಎಂದಾದರೆ ಮೂರನೆಯ ಗಂಟೆಯೊಂದರಲ್ಲೇ 3 ಮೀಟರ್ ನೀರು ಏರುತ್ತದೆ. ಲಂಗರಿನ ಹಗ್ಗವನ್ನು ಎಷ್ಟು ಬಿಡಬೇಕು, ದಕ್ಕೆಗೆ ಕಟ್ಟಿದ ದೋಣಿಯನ್ನು ಯಾರು ಕಾಯಬೇಕು ಎಂಬ ಪ್ರಶ್ನೆಗಳು ಆ ಅಂಕಿಯ ಮುಂದೆ ತಾವಾಗಿಯೇ ಎದ್ದು ನಿಂತವು.

ಎಲ್ಲಿ ತಂಗಬೇಕು ಎಂಬುದನ್ನು ಅಲ್ಲಿ ದೂರಕ್ಕಿಂತ ಹೆಚ್ಚಾಗಿ ನೀರಿನ ಹರಿವು ತೀರ್ಮಾನಿಸುತ್ತದೆ ಎಂಬುದನ್ನು ಅವರು ಬಹಳ ಸ್ಪಷ್ಟವಾಗಿ ತೋರಿಸಿಕೊಟ್ಟರು. ಪಾಂತ್ ದ್ಯು ರಾ ಎಂಬ ಭೂಶಿರಕ್ಕೂ ಸೆನ್ ದ್ವೀಪಕ್ಕೂ ನಡುವಿನ ರಾ ದ ಸೆನ್ ಜಲಮಾರ್ಗದಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ಹರಿವು 6 ನಾಟ್ (ಗಂಟೆಗೆ ಸುಮಾರು 11 ಕಿ.ಮೀ.) ಮೀರುತ್ತದೆ. 5 ನಾಟ್ ವೇಗದ ದೋಣಿ ಅದಕ್ಕೆ ಎದುರಾಗಿ ಹೊರಟರೆ ಹಾಯಿ ತುಂಬಿದ್ದರೂ ಹಿಂದಕ್ಕೇ ಸರಿಯುತ್ತದೆ. ಗಾಳಿ ಹರಿವಿಗೆ ಎದುರಾಗಿ ಬೀಸಿದರೆ ಅಲೆಗಳು ಗಿಡ್ಡವಾಗಿ, ಕಡಿದಾಗಿ ಎದ್ದು ದೊಡ್ಡ ದೋಣಿಗೂ ಅಪಾಯ ತರುತ್ತವೆ. ಆದ್ದರಿಂದ ಹರಿವು ನಿಂತು ದಿಕ್ಕು ಬದಲಿಸುವ ಅಲ್ಪ ಹೊತ್ತಿನಲ್ಲೇ ಅದನ್ನು ದಾಟಬೇಕು. ಅದಕ್ಕೆ ಮುಂಚಿನ ಶೆನಾಲ್ ದ್ಯು ಫೂರ್ ಜಲಮಾರ್ಗದಲ್ಲಿ ದಕ್ಷಿಣಕ್ಕೆ ಹೋಗುವವರಿಗೆ ಇಳಿತದ ಹರಿವೇ ಅನುಕೂಲ. ಎರಡೂ ಸಮಯಗಳನ್ನು ಹೊಂದಿಸಿಕೊಂಡಾಗ ನಡುವಿನ ಕಾಮಾರೆ ಬಂದರಿನಲ್ಲಿ ಒಂದು ರಾತ್ರಿ ತಂಗುವುದು ಏಕೆ ರೂಢಿಯಾಗಿದೆ ಎಂಬುದು ಅರ್ಥವಾಗುತ್ತದೆ.

ನನ್ನ ಅಸಮಾಧಾನವಿರುವುದು ಉಳಿದರ್ಧ ತರಗತಿಯ ಬಗ್ಗೆ. ಅಭ್ಯಾಸದ ಹಾಳೆಯಲ್ಲಿ ಇಡೀ ಯಾನವನ್ನು 9 ದಿನಗಳಿಗೆ ಹೊಂದಿಸಿ, ಪ್ರತಿ ದಿನಕ್ಕೂ ಒಂದೊಂದು ಬಂದರನ್ನು ಗೊತ್ತುಮಾಡಿದ್ದರು. ಕಾಯುವುದಕ್ಕೆಂದು ಒಂದು ದಿನವನ್ನೂ ಇಟ್ಟಿರಲಿಲ್ಲ. ಆ ಕಡಲಿನಲ್ಲಿ ಬೇಸಿಗೆಯಲ್ಲೂ ನೈಋತ್ಯದ ಗಾಳಿ ದಿನಗಟ್ಟಲೆ ಎದುರು ಬೀಸುವುದುಂಟು, ಮಂಜು ಕವಿಯುವುದುಂಟು. ಗೊತ್ತುಮಾಡಿದ ಬಂದರಿಗೆ ಹೋಗಲಾಗದಿದ್ದರೆ ಎಲ್ಲಿಗೆ ತಿರುಗಬೇಕು ಎಂಬ ಕಾಲಂ ಹಾಳೆಯಲ್ಲೇ ಇರಲಿಲ್ಲ. ರೋಸ್ಕಾಫ್‌ನ ಬ್ಲೋಸ್ಕಾನ್ ಬಂದರಿಗೆ ನೀರಿನ ಯಾವ ಮಟ್ಟದಲ್ಲೂ ಪ್ರವೇಶವಿದೆ, ಆದರೆ ಪೆಂಪೋಲ್‌ನ ಒಳಬಂದರಿನ ಬಾಗಿಲು ಉಬ್ಬರ ತುಂಬಿದ ಸುಮಾರಿಗೆ ಮಾತ್ರ ತೆರೆಯುತ್ತದೆ. ದಣಿದ ನಾವಿಕನಿಗೆ ಈ ಎರಡರ ನಡುವಿನ ವ್ಯತ್ಯಾಸವೇ ಮುಖ್ಯವಾದದ್ದು. ಅದಕ್ಕೆ ತರಗತಿಯಲ್ಲಿ ಹತ್ತು ನಿಮಿಷವೂ ಸಿಗಲಿಲ್ಲ.

ಇದಕ್ಕಿಂತ ಗಂಭೀರವಾದ ಲೋಪ ಇನ್ನೊಂದಿತ್ತು. ಫ್ರಾನ್ಸ್‌ನ ಮುದ್ರಿತ ಉಬ್ಬರ ಕೋಷ್ಟಕಗಳಲ್ಲಿ ಸಾಮಾನ್ಯವಾಗಿ ಚಳಿಗಾಲದ ಗಡಿಯಾರದ ಸಮಯವಿರುತ್ತದೆ. ಬೇಸಿಗೆಯಲ್ಲಿ ಅಲ್ಲಿ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ಇಡುವುದರಿಂದ ಅದಕ್ಕೆ ಒಂದು ಗಂಟೆ ಕೂಡಿಸಬೇಕು. ನಮಗೆ ಕೊಟ್ಟದ್ದು ಜೂನ್ ತಿಂಗಳ ಅಭ್ಯಾಸ, ಆದರೆ ಈ ಸೂಚನೆ ಹಾಳೆಯಲ್ಲಿ ಇರಲಿಲ್ಲ. ತರಗತಿಯ ಬಹುಮಂದಿ ರಾ ದ ಸೆನ್‌ಗೆ ಒಂದು ಗಂಟೆ ಮೊದಲೇ ತಲುಪುವಂತೆ ಲೆಕ್ಕ ಮಾಡಿದ್ದೆವು. ಬಂದರಿನಲ್ಲಿ ದುಡಿದು ನಿವೃತ್ತರಾದ ಕಾರವಾರದ ಹಿರಿಯರೊಬ್ಬರು ನನ್ನ ಪಕ್ಕದಲ್ಲಿ ಕುಳಿತಿದ್ದರು. ಅವರು "ತಮ್ಮಾ, ಇದು ಯಾವ ಗಡಿಯಾರದ ಸಮಯ ಅಂತ ಮೊದಲು ಕೇಳು" ಎಂದು ಕಿವಿಯಲ್ಲಿ ಹೇಳದಿದ್ದರೆ ನಾನು ಆ ತಪ್ಪನ್ನೇ ಮನೆಗೆ ಒಯ್ಯುತ್ತಿದ್ದೆ. ಕೇಳಿದಾಗ ಶಿಕ್ಷಕರು ತಕ್ಷಣ ಒಪ್ಪಿ ತಿದ್ದಿದರು, ಅದನ್ನೂ ಹೇಳಬೇಕು.

ನೀರಿನ ಮೇಲೆ ತೇಲುತ್ತ ದಾರಿ ತೋರಿಸುವ ಬೋಯಿ ಮತ್ತು ದೀಪಗಳ ಪಾಠ ಬೇಗ ಮುಗಿಯಿತು. ಬಂದರಿನೊಳಕ್ಕೆ ಬರುವಾಗ ಕೆಂಪು ಬೋಯಿ ಎಡಕ್ಕಿರಬೇಕೆಂಬ ನಿಯಮ ಭಾರತದಲ್ಲೂ ಫ್ರಾನ್ಸ್‌ನಲ್ಲೂ ಒಂದೇ ಆದ್ದರಿಂದ ಅದು ಸಹಜವೇ. ಆಪತ್ತಿನಲ್ಲಿ ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್, ಫ್ರಾನ್ಸ್‌ನಲ್ಲಿ ಫೋನಿನಿಂದಾದರೆ 196 ಎಂಬುದನ್ನು ಪ್ರತಿ ವಾರವೂ ನೆನಪಿಸಿದ್ದು ಒಳ್ಳೆಯ ಅಭ್ಯಾಸ.

ಹಿಂದೆ ಒಮ್ಮೆಯಾದರೂ ಕಡಲ ನಕ್ಷೆಯ ಮೇಲೆ ಗೆರೆ ಎಳೆದವರಿಗೆ ಈ ತರಗತಿಯನ್ನು ನಾನು ಧೈರ್ಯವಾಗಿ ಸೂಚಿಸುತ್ತೇನೆ. ಹೊಸಬರು ಮೊದಲು ಮುಂಬೈ ಬಂದರಿನಾಚೆಯ ಮಾಂಡ್ವಾದವರೆಗಾದರೂ ಹಾಯಿಯಲ್ಲಿ ಹೋಗಿ ಬಂದು ಸೇರುವುದು ಒಳಿತು. ಭಾವನೂ ನಾನೂ ಕೂಡಿ ಆ 9 ದಿನಗಳ ಹಾಳೆಯನ್ನು 16 ದಿನಗಳಿಗೆ ಹಿಗ್ಗಿಸಿದ್ದೇವೆ. ಕಾಮಾರೆಯ ಮುಂದೆ ಮೂರು ದಿನಗಳನ್ನು ಖಾಲಿ ಬಿಟ್ಟು, ಪ್ರತಿ ಬಂದರಿನ ಪಕ್ಕ ಇನ್ನೊಂದು ಬಂದರಿನ ಹೆಸರನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇವೆ.