ಚಾರ್ಮಾಡಿ ಇಳಿದು ನೋಡಿದ ಗ್ಯಾಸ್ ಶಾಕ್‌ಗಳು
ನಮ್ಮ ಹಳೆ ಕಾರಿನ ಹಿಂದಿನ ಶಾಕ್‌ಗಳಲ್ಲಿ (ತೂಗಾಟ ತಡೆಯುವ ಶಾಕ್ ಅಬ್ಸಾರ್ಬರ್) ಆಯಿಲ್ ಸೋರಿ, ಧೂಳು ಕಪ್ಪಗೆ ಮೆತ್ತಿಕೊಂಡಿತ್ತು. ಹಂಪ್ ದಾಟಿದರೆ ಮೂರ್ನಾಲ್ಕು ಸಲ ತೂಗಾಟ. ಎರಡನ್ನೂ ತೆಗೆಸಿ ಗ್ಯಾಸ್ ಶಾಕ್ ಹಾಕಿಸಿದೆ.

ಗ್ಯಾಸ್ ಅಂದ್ರೆ ಕಾರು ಗಾಳಿ ಮೇಲೆ ನಿಲ್ಲೋದಿಲ್ಲ. ಭಾರ ಹೊರುವುದು ಸ್ಪ್ರಿಂಗ್. ತೂಗಾಟ ತಡೆಯುವುದು ಶಾಕ್ ಒಳಗಿನ ಪಿಸ್ಟನ್ನಿನ ಸಣ್ಣ ತೂತುಗಳಲ್ಲಿ ನುಸುಳುವ ಆಯಿಲ್ಲೇ. ಗುಂಡಿ ರಸ್ತೆಯಲ್ಲಿ ಪಿಸ್ಟನ್ ಬಿಡದೆ ಓಡಾಡಿದರೆ ಆಯಿಲ್ ನೊರೆಯಾಗುತ್ತದೆ. ನೊರೆಗೆಲ್ಲಿ ಹಿಡಿತ, ಅಲ್ವಾ? ಒತ್ತಿ ತುಂಬಿದ ನೈಟ್ರೋಜನ್ ಆ ಗುಳ್ಳೆಗಳನ್ನು ಅದುಮಿಡುತ್ತದೆ. ಹೊಸ ಶಾಕ್‌ನ ರಾಡನ್ನು ಅದುಮಿ ಕಟ್ಟಿದ್ದ ಪಟ್ಟಿ ಕತ್ತರಿಸಿದಾಗ ರಾಡ್ ತಾನಾಗಿಯೇ ಮೆಲ್ಲಗೆ ಹೊರಬಂತು. ಅದು ಆ ಗ್ಯಾಸಿನದೇ ಒತ್ತಡ.

ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದೆ. ತಿರುವುಗಳಲ್ಲಿ ಕಾರಿನ ಹಿಂಬದಿ ಗಟ್ಟಿಯಾಗಿ ನಿಂತಿತು, ತುಂಬಾ ಖುಷಿಯಾಯಿತು. ಊರೊಳಗೆ ನಿಧಾನವಾಗಿ ಹೋದರೆ ಸ್ವಲ್ಪ ಗಡುಸು. ಹಿಂದೆ ಕೂತ ಅಮ್ಮನಿಗೆ ತಕ್ಷಣ ಗೊತ್ತಾಯಿತು.