ಫ್ಯೂಸ್ ಹೋಯ್ತು ಅಂತ ದೊಡ್ಡ ಫ್ಯೂಸ್ ಹಾಕಬೇಡಿ: ಪಿಕಪ್‌ಗೆ ಎಕ್ಸ್‌ಟ್ರಾ ಲೈಟ್ ಹಾಕುವವರ ಗಮನಕ್ಕೆ

ಪಾಂಡವಪುರ ಕಡೆಯ ಆಲೆಮನೆಯಿಂದ ಮಂಡ್ಯದ ಬೆಲ್ಲದ ಮಾರ್ಕೆಟ್ಟಿಗೆ ರಾತ್ರಿ ಲೋಡು ತರುತ್ತಿದ್ದ ಪಿಕಪ್ ಒಂದರ ಡ್ಯಾಶ್‌ಬೋರ್ಡ್ ಅಡಿಯಿಂದ ಹೊಗೆ ಎದ್ದಿತು. ಡ್ರೈವರು ಲೈಟ್ ಆರಿಸಿದರು, ಕೀ ತೆಗೆದರು, ಹೊಗೆ ನಿಲ್ಲಲಿಲ್ಲ. ಬ್ಯಾಟರಿ ಟರ್ಮಿನಲ್ ಬಿಚ್ಚಲು ಸ್ಪ್ಯಾನರ್ ಹುಡುಕುವಷ್ಟರಲ್ಲಿ ಸ್ಟೇರಿಂಗ್ ಕೆಳಗಿನ ವೈರುಗಳೆಲ್ಲ ಕರಗಿ ಒಂದೇ ಗಂಟಾಗಿದ್ದವು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಇದೇ ತಪ್ಪು ಇಟ್ಟುಕೊಂಡು ಓಡಾಡುವ ಗಾಡಿಗಳು ನಮ್ಮ ಕಡೆ ಇನ್ನೂ ಇವೆ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇವೆ.

ಆ ಗಾಡಿಗೆ ಮುಂದೆ ಎರಡು ಫಾಗ್ ಲ್ಯಾಂಪ್, ಹಿಂದೆ ಕಬ್ಬು, ಬೆಲ್ಲ ತುಂಬುವಾಗ ಬೆಳಕಿಗೆ ಎರಡು ಲ್ಯಾಂಪ್ ಹಾಕಿದ್ದರು. ಒಂದೊಂದೂ 55 ವಾಟ್. ನಾಲ್ಕಕ್ಕೆ 220 ವಾಟ್, 12 ವೋಲ್ಟಿನಲ್ಲಿ 18 ಆಂಪಿಯರ್ ದಾಟುತ್ತದೆ. ಅಷ್ಟನ್ನೂ ಹೆಡ್‌ಲೈಟಿನ 15 ಆಂಪಿಯರ್ ಲೈನಿನಿಂದಲೇ ಎಳೆದಿದ್ದರು, ಅದೂ 0.75 ಚದರ ಮಿಲಿಮೀಟರಿನ ವೈರಿನಲ್ಲಿ. ಮೊದಲ ವಾರವೇ ಫ್ಯೂಸ್ ಹೋಯಿತು. ‘ದೊಡ್ದು ಹಾಕ್ಬುಡಿ, ಹೋಗಲ್ಲ’ ಅಂದರು ಯಾರೋ. 30 ಆಂಪಿಯರ್ ಬಂದು ಕೂತಿತು. ಕೆಲವು ದಿನಕ್ಕೆ ಅದೂ ಹೋಯಿತು. ಆಗ ತಾಮ್ರದ ಎಳೆ ಸುತ್ತಿ ಕೂರಿಸಿದರು.

ಎರಡು ಸಲ ಫ್ಯೂಸ್ ಹೋದದ್ದಕ್ಕೆ ಎರಡು ಬೇರೆ ಬೇರೆ ಕಾರಣ. ಮೊದಲನೆಯದು ಲೋಡ್ ಜಾಸ್ತಿಯಾಗಿದ್ದಕ್ಕೆ. ಎರಡನೆಯದು, ಎಂಜಿನ್ ಕಡೆಯಿಂದ ಕ್ಯಾಬಿನ್ನಿಗೆ ವೈರ್ ತರುವಾಗ ತಗಡಿಗೆ ತೂತು ಹೊಡೆದು ರಬ್ಬರ್ ಬುಷ್ ಹಾಕದೇ ಬಿಟ್ಟದ್ದಕ್ಕೆ. ತಗಡಿನ ಅಂಚು ವೈರಿನ ಮೇಲ್ಪದರವನ್ನು ತಿನ್ನುತ್ತಾ ಹೋಗಿ ತಾಮ್ರ ಬಾಡಿಗೆ ತಾಗಿತು. ಫ್ಯೂಸ್ ಇರುವುದು ಬಲ್ಬ್ ಕಾಯಲಿಕ್ಕಲ್ಲ, ವೈರ್ ಕಾಯಲಿಕ್ಕೆ. ಫ್ಯೂಸ್ ಜಾಗದಲ್ಲಿ ತಾಮ್ರ ಸುತ್ತಿದ ಮೇಲೆ ಅಲ್ಲಿ ಕಡಿತವಾಗುವುದು ಏನೂ ಉಳಿಯಲಿಲ್ಲ, ವೈರೇ ಉರಿಯಿತು. ಹೆಡ್‌ಲೈಟಿನ ಲೈನ್ ಬ್ಯಾಟರಿಯಿಂದ ನೇರ ಬಂದಿದ್ದರಿಂದ ಕೀ ತೆಗೆದರೂ ಕರೆಂಟ್ ನಿಲ್ಲಲಿಲ್ಲ.

ಕೆಲಸಕ್ಕೆ ಕೂರುವ ಮುಂಚೆ ಬ್ಯಾಟರಿಯ ಮೈನಸ್ ಬಿಚ್ಚಿ, ಮುಗಿದ ಮೇಲೆ ಅದನ್ನು ಕೊನೆಗೆ ಹಾಕಿ. ಮುಂದಿನ ಜೋಡಿಗೆ ಒಂದು ಲೈನ್, ಹಿಂದಿನ ಜೋಡಿಗೆ ಇನ್ನೊಂದು, ಎರಡಕ್ಕೂ ಬೇರೆ ಬೇರೆ ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಲ್ಯಾಂಪಿನ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಡಬ್ಬಿ). ಒಂದೊಂದು ಜೋಡಿ ಎಳೆಯುವುದು 9ರಿಂದ 10 ಆಂಪಿಯರ್, ಅದಕ್ಕೆ 2.5 ಚದರ ಮಿಲಿಮೀಟರಿನ ಆಟೋ ವೈರ್, 15 ಆಂಪಿಯರ್ ಫ್ಯೂಸ್. ಫ್ಯೂಸ್ ಹೋಲ್ಡರ್ ಬ್ಯಾಟರಿ ಪ್ಲಸ್‌ನಿಂದ ಒಂದು ಗೇಣು ದಾಟಬಾರದು. ಡ್ಯಾಶ್‌ಬೋರ್ಡ್ ಹತ್ತಿರ ಹಾಕಿದರೆ ಬ್ಯಾಟರಿಯಿಂದ ಅಲ್ಲಿವರೆಗಿನ ವೈರಿಗೆ ಕಾವಲೇ ಇರುವುದಿಲ್ಲ.

ರಿಲೇಯ 30ನೇ ಪಿನ್ನಿಗೆ ಫ್ಯೂಸ್ ದಾಟಿ ಬಂದ ವೈರ್, 87ಕ್ಕೆ ಲ್ಯಾಂಪ್, 86ಕ್ಕೆ ಸ್ವಿಚ್ಚಿನ ವೈರ್, 85 ಅರ್ತ್ (ಗಾಡಿಯ ಬಾಡಿ ಮೂಲಕ ಬ್ಯಾಟರಿ ಮೈನಸ್‌ಗೆ ಕರೆಂಟ್ ವಾಪಸ್ ಹೋಗುವ ದಾರಿ). ಐದು ಪಿನ್ನಿನ ರಿಲೇ ಕೊಟ್ಟರೆ ನಡುವಿನ 87ಎ ಪಿನ್ ಮುಟ್ಟಬೇಡಿ. ಅದಕ್ಕೆ ಲ್ಯಾಂಪ್ ಕೊಟ್ಟರೆ ಸ್ವಿಚ್ ಆಫ್ ಇದ್ದಾಗ ಉರಿಯುತ್ತದೆ, ಬೆಳಿಗ್ಗೆ ಬ್ಯಾಟರಿ ಖಾಲಿ. ಸ್ವಿಚ್ಚಿನ ವೈರಿನಲ್ಲಿ ಅರ್ಧ ಆಂಪಿಯರೂ ಹರಿಯುವುದಿಲ್ಲ, ಸಣ್ಣ ವೈರ್ ಸಾಕು. ಆದರೆ ಅದಕ್ಕೂ 3 ಆಂಪಿಯರಿನ ಫ್ಯೂಸ್ ಬೇಕು. ರಿಲೇ ಪಿನ್ ಕೆಳಮುಖವಾಗಿರಲಿ. ನಾಲೆಯ ಹತ್ತಿರ ಬಕೆಟ್ಟಿನಲ್ಲಿ ನೀರು ಎರಚಿ ಗಾಡಿ ತೊಳೆಯುವವರು ಇದನ್ನು ಮರೆಯಲೇಬಾರದು.

ಅರ್ತ್ ವಿಷಯದಲ್ಲಿ ಬಹಳ ಜನ ಸೋಲುತ್ತಾರೆ. ಹಿಂದಿನ ಲ್ಯಾಂಪಿನ ಅರ್ತನ್ನು ಡಾಲಾ (ಲೋಡು ತುಂಬುವ ಹಿಂದಿನ ಭಾಗ) ಬೋಲ್ಟಿಗೆ ಕಟ್ಟುತ್ತಾರೆ. ಡಾಲಾಕ್ಕೂ ಚಾಸಿಸ್ಸಿಗೂ ನಡುವೆ ರಬ್ಬರೋ ಮರದ ಪಟ್ಟಿಯೋ ಇದ್ದರೆ ಕರೆಂಟ್ ಸರಿಯಾಗಿ ವಾಪಸ್ ಬರುವುದಿಲ್ಲ, ಲ್ಯಾಂಪ್ ಮಂಕು. ಮಂಕಾಯಿತು ಅಂತ 100 ವಾಟ್ ಬಲ್ಬ್ ಹಾಕಿದರೆ ಮತ್ತೆ ಹಳೇ ಕಥೆ. 2.5ರ ವೈರನ್ನೇ ಚಾಸಿಸ್‌ವರೆಗೆ ಎಳೆದು, ಪೇಂಟ್ ಕೆರೆದು, ರಿಂಗ್ ಲಗ್ಗು (ವೈರಿನ ತುದಿಗೆ ಒತ್ತುವ ಬಳೆಯಂಥ ಲೋಹದ ತುಂಡು) ಬಿಗಿದು, ಮೇಲೆ ಗ್ರೀಸ್ ಸವರಿ. ವೈರ್ ಸಣ್ಣದಿದ್ದರೂ ಮಂಕಾಗುತ್ತದೆ: 5 ಮೀಟರ್ ದೂರಕ್ಕೆ 9 ಆಂಪಿಯರ್ ಕಳಿಸಿದರೆ 0.75ರ ವೈರಿನಲ್ಲಿ ಸುಮಾರು 1 ವೋಲ್ಟ್ ದಾರಿಯಲ್ಲೇ ಹೋಗುತ್ತದೆ, 2.5ರಲ್ಲಿ ಅದರ ಮೂರನೇ ಒಂದು ಭಾಗ ಕೂಡ ಹೋಗುವುದಿಲ್ಲ.

ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಬಾನೆಟ್ ಒಳಗೆ ನಿಲ್ಲುವುದಿಲ್ಲ. ಬಿಸಿಗೆ ಟೇಪಿನ ಅಂಟು ಜಾರಿ ಬಿಚ್ಚಿಕೊಳ್ಳುತ್ತದೆ. ಲಗ್ಗು ಒತ್ತಿ, ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಹಾಕಿ. ಸೈಲೆನ್ಸರ್ ಪೈಪಿನಿಂದ ದೂರ ಇರಲಿ, ತಗಡು ದಾಟುವ ಕಡೆಯೆಲ್ಲ ರಬ್ಬರ್ ಬುಷ್ ಇರಲಿ. ಎಲ್ಲ ಆದಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ಲೈಟು 20 ನಿಮಿಷ ಉರಿಸಿ, ಒಂದೊಂದು ಜಾಯಿಂಟನ್ನೂ ಫ್ಯೂಸ್ ಹೋಲ್ಡರನ್ನೂ ಕೈಯಿಂದ ಮುಟ್ಟಿ ನೋಡಿ. ಸುಡುವ ಜಾಗ ಸಿಕ್ಕರೆ ಅದನ್ನು ಬಿಚ್ಚಿ ಮತ್ತೆ ಮಾಡಿ. ಹಿಂದಿನ ಲ್ಯಾಂಪ್ ಲೋಡು ಮಾಡುವಾಗ ಮಾತ್ರ ಉರಿಯಲಿ. ಮೈಸೂರು ಹೈವೇಯಲ್ಲಿ ಅದನ್ನು ಹಾಕಿಕೊಂಡು ಹೋದರೆ ಹಿಂದೆ ಬರುವವರ ಕಣ್ಣು ಕತ್ತಲಾಗುತ್ತದೆ.

ಬ್ಯಾಟರಿ ಟರ್ಮಿನಲ್ಲಿಗೆ ಕೂರುವ ಸ್ಪ್ಯಾನರ್ ಒಂದನ್ನು ಸೀಟಿನ ಪಕ್ಕದಲ್ಲೇ ಕಟ್ಟಿಡಿ. ಒಂದು ಪೌಡರ್ ಎಕ್ಸ್‌ಟಿಂಗ್ವಿಷರ್ ಕೂಡ ಇರಲಿ. ಬಾನೆಟ್ ಒಳಗಿಂದ ಜ್ವಾಲೆ ಕಂಡರೆ ಪೂರ್ತಿ ಎತ್ತಬೇಡಿ, ಗಾಳಿ ನುಗ್ಗಿ ಬೆಂಕಿ ಜೋರಾಗುತ್ತದೆ. ಸ್ವಲ್ಪ ಸಂದು ಮಾಡಿ ಪೌಡರ್ ಹೊಡೆಯಿರಿ.

ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಳ್ಳುವವರು ಫ್ಯೂಸ್ ಬಾಕ್ಸಿನ ಮುಚ್ಚಳ ತೆಗೆದು ಬಣ್ಣ ನೋಡಿ. 10 ಆಂಪಿಯರ್ ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಮುಚ್ಚಳದ ಮೇಲೆ 15 ಅಂತ ಬರೆದಿದ್ದು ಒಳಗೆ ಹಸಿರು ಕೂತಿದ್ದರೆ, ರೇಟು ಮಾತಾಡುವ ಮುಂಚೆ ಆ ವೈರ್ ಎಲ್ಲಿಗೆ ಹೋಗುತ್ತದೆ ಅಂತ ಹಿಂಬಾಲಿಸಿ ನೋಡಿ.